ಸಲಿಂಗ ಮದುವೆಯ ಜಗಳವೇ ಬೇಡ, ಸರ್ಕಾರ ಮದುವೆಯಿಂದ ದೂರ ಇರಬಾರದಾ?

ನಿಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆ ಇವೆ. ಮದುವೆ ಇಬ್ಬರ ಸ್ವಂತ ವಿಷಯ, ಅಲ್ಲಿ ಸರ್ಕಾರಕ್ಕೇನು ಕೆಲಸ ಅನ್ನೋದು ಒಂದು. ಹೆಚ್ಚಿನ ಜನ ಒಪ್ಪದಿರುವಾಗ ಸಲಿಂಗ ಮದುವೆಗೆ ಕಾನೂನು ಮಾಡುವುದು ಸರಿಯಾ ಅನ್ನೋದು ಇನ್ನೊಂದು. ಮೊದಲನೆಯದರ ಬಗ್ಗೆ ನಾನೂ ಬಹಳ ವರ್ಷ ನಿಮ್ಮ ಹಾಗೆಯೇ ಯೋಚಿಸುತ್ತಿದ್ದೆ.

ಮನಸ್ಸು ಬದಲಾದದ್ದು ಒಂದು ಆಸ್ಪತ್ರೆಯ ಕೌಂಟರ್ ಮುಂದೆ. ನನ್ನ ಗೆಳೆಯನೊಬ್ಬ ಹನ್ನೊಂದು ವರ್ಷದಿಂದ ತನ್ನ ಸಂಗಾತಿಯ ಜೊತೆ ಬಾಳುತ್ತಿದ್ದ. ಇಬ್ಬರೂ ಗಂಡಸರು. ಒಂದು ರಾತ್ರಿ ಸಂಗಾತಿಗೆ ತುರ್ತಾಗಿ ಆಪರೇಷನ್ ಮಾಡಬೇಕಾಯಿತು. ನಾನೂ ಹೋಗಿದ್ದೆ. ಫಾರಂನಲ್ಲಿ ‘ರೋಗಿಗೆ ನೀವು ಏನಾಗಬೇಕು’ ಅಂತ ಒಂದು ಸಾಲಿತ್ತು. ಅವನು ಪೆನ್ನು ಹಿಡಿದು ಸುಮ್ನೆ ನಿಂತುಬಿಟ್ಟ. ಕೊನೆಗೆ ‘ಸ್ನೇಹಿತ’ ಅಂತ ಬರೆದ. ಅಲ್ಲಿದ್ದವರು ಫಾರಂ ವಾಪಸ್ ತಳ್ಳಿ, ‘ಮನೆಯವರನ್ನ ಕರೆಸಿ’ ಅಂದರು. ಮೂರು ವರ್ಷದಿಂದ ಮಾತು ಬಿಟ್ಟಿದ್ದ ಸಂಗಾತಿಯ ಅಣ್ಣನಿಗೆ ಫೋನ್ ಮಾಡಿ, ಆತ ಬಂದು ಸಹಿ ಹಾಕುವವರೆಗೆ ಕಾದೆವು. ತಮ್ಮನಿಗೆ ಯಾವ ಔಷಧಿ ಆಗಿಬರೋದಿಲ್ಲ ಅಂತ ಡಾಕ್ಟರ್ ಕೇಳಿದರೆ ಅಣ್ಣನಿಗೆ ಗೊತ್ತಿಲ್ಲ. ಉತ್ತರ ಕೊಟ್ಟವನು ಆ ‘ಸ್ನೇಹಿತ’ನೇ.

ಚೆನ್ನಾಗಿ ಬಾಳುತ್ತಿರುವಾಗ ಯಾವ ಜೋಡಿಗೂ ಸರ್ಕಾರ ಬೇಕಾಗಿಲ್ಲ. ಒಬ್ಬರು ಹಾಸಿಗೆ ಹಿಡಿದಾಗ, ಸತ್ತಾಗ, ಇಲ್ಲ ಇಬ್ಬರೂ ದೂರವಾದಾಗ ಬೇಕಾಗುತ್ತದೆ. ಮನೆ ಯಾರಿಗೆ, ಪಿಂಚಣಿ ಯಾರಿಗೆ, ಮಗು ಯಾರ ಹತ್ತಿರ? ಆಗ ‘ಇವರು ಇವರಿಗೆ ಇಂಥವರು’ ಅಂತ ಎಲ್ಲರೂ ಒಪ್ಪುವ ಒಂದು ದಾಖಲೆ ಇರಬೇಕು. ಸರ್ಕಾರದ ಕೆಲಸ ಮುಖ್ಯವಾಗಿ ಅದು. ಪ್ರೀತಿಗೆ ಸರ್ಟಿಫಿಕೇಟ್ ಕೊಡುವುದಲ್ಲ.

ಇದು ಇವತ್ತಿನ ಕಥೆಯೂ ಅಲ್ಲ. ಯುರೋಪಿನಲ್ಲಿ ಒಂದು ಕಾಲಕ್ಕೆ ಗಂಡು ಹೆಣ್ಣು ಪರಸ್ಪರ ಮಾತು ಕೊಟ್ಟುಕೊಂಡರೆ ಸಾಕಿತ್ತು, ಚರ್ಚಿನ ಲೆಕ್ಕದಲ್ಲಿ ಮದುವೆ ಆದಂತೆಯೇ. ಪಾದ್ರಿಯೂ ಬೇಡ, ಸಾಕ್ಷಿಯೂ ಬೇಡ. ಆಮೇಲೆ ಒಬ್ಬರು ‘ನಾನು ಮಾತು ಕೊಟ್ಟೇ ಇಲ್ಲ’ ಅಂದರೆ? ಇಂಥ ಗುಟ್ಟಿನ ಮದುವೆಗಳ ತಗಾದೆ ಜಾಸ್ತಿಯಾಗಿಯೇ 1563ರಲ್ಲಿ ಕ್ಯಾಥೊಲಿಕ್ ಚರ್ಚು ಪಾದ್ರಿ ಮತ್ತು ಸಾಕ್ಷಿಗಳು ಇರಲೇಬೇಕು ಅಂತ ನಿಯಮ ಮಾಡಿತು. ಇಂಗ್ಲೆಂಡಿನಲ್ಲಿ 1753ರಲ್ಲಿ ಇಂಥದ್ದೇ ಕಾನೂನು ಬಂತು. ಫ್ರಾನ್ಸಿನಲ್ಲಿ 1792ರಲ್ಲಿ ಮದುವೆಯ ದಾಖಲೆ ಚರ್ಚಿನ ಕೈಯಿಂದ ಸರ್ಕಾರದ ಕೈಗೆ ಬಂತು. ಒಬ್ಬರು ಕೈಬಿಟ್ಟು ಹೋದಾಗ, ಉಳಿದವರ ಮುಂದೆ ಹೋದವರ ಮಾತೇ ನಡೆಯಬಾರದಲ್ವಾ?

ಮದುವೆ ಬೇಡ, ಇಬ್ಬರೂ ಒಪ್ಪಂದ ಬರೆದುಕೊಳ್ಳಲಿ ಅಂತೀರಿ. ಒಪ್ಪಂದ ಸಹಿ ಹಾಕಿದವರನ್ನು ಮಾತ್ರ ಕಟ್ಟಿಹಾಕುತ್ತದೆ. ತೆರಿಗೆ ಇಲಾಖೆಯನ್ನಾಗಲಿ, ವೀಸಾ ಕೊಡುವವರನ್ನಾಗಲಿ ಅಲ್ಲ. ಅಮೆರಿಕದಲ್ಲಿ 2004ರಲ್ಲಿ ಸರ್ಕಾರವೇ ಎಣಿಸಿದಾಗ, ಮದುವೆ ಆಗಿದೆಯೋ ಇಲ್ಲವೋ ಅನ್ನೋದರ ಮೇಲೆ ನಿಂತಿದ್ದ ಕೇಂದ್ರ ಕಾನೂನಿನ ಅಂಶಗಳು 1,138 ಇದ್ದವು. ಅಲ್ಲಿನ ಈಡಿತ್ ವಿಂಡ್ಸರ್ ಎಂಬ ಮಹಿಳೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಥಿಯಾ ಸ್ಪೈಯರ್ ಎಂಬಾಕೆಯ ಜೊತೆ ಬಾಳಿದವರು. 2007ರಲ್ಲಿ ಕೆನಡಾಕ್ಕೆ ಹೋಗಿ ಮದುವೆಯೂ ಆದರು. 2009ರಲ್ಲಿ ಥಿಯಾ ತೀರಿಕೊಂಡಾಗ ಕೇಂದ್ರ ಸರ್ಕಾರ ಆ ಮದುವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಬಿಟ್ಟುಹೋದ ಆಸ್ತಿಯ ಮೇಲೆ 3,63,053 ಡಾಲರ್ ತೆರಿಗೆ ಹಾಕಿತು. ಗಂಡ ಹೆಂಡತಿ ಆಗಿದ್ದರೆ ಒಂದು ಡಾಲರೂ ಇರುತ್ತಿರಲಿಲ್ಲ. ಅವರು ಕೋರ್ಟಿಗೆ ಹೋಗಿ 2013ರಲ್ಲಿ ಗೆದ್ದರು. ನನ್ನ ಗೆಳೆಯನೂ ಈಗ ಒಂದು ಫೈಲ್ ಮಾಡಿಟ್ಟಿದ್ದಾನೆ. ಇಬ್ಬರ ವಿಲ್, ಅಧಿಕಾರ ಪತ್ರ, ಬ್ಯಾಂಕ್ ನಾಮಿನಿ, ಹೀಗೆ ಆರು ಕಾಗದ. ಊರು ಬಿಟ್ಟು ಹೋಗುವಾಗೆಲ್ಲ ಅದು ಬ್ಯಾಗಿನಲ್ಲಿ ಇರಲೇಬೇಕು. ನನಗೂ ನನ್ನ ಹೆಂಡತಿಗೂ ಒಂದೇ ಕಾಗದ ಇದೆ. ಅದನ್ನು ಇವತ್ತಿನವರೆಗೆ ಯಾರೂ ತೋರಿಸಿ ಅಂದಿಲ್ಲ.

ಇನ್ನು ಜನಾಭಿಪ್ರಾಯ. ಅದನ್ನು ನಾನು ಕಡೆಗಣಿಸುವುದಿಲ್ಲ, ಆದರೆ ಅದು ಕಲ್ಲಲ್ಲಿ ಕೆತ್ತಿದ್ದಲ್ಲ. ಅಮೆರಿಕದ ಗ್ಯಾಲಪ್ ಸಮೀಕ್ಷೆಯಲ್ಲಿ 1996ರಲ್ಲಿ ಸಲಿಂಗ ಮದುವೆಗೆ ಒಪ್ಪಿದವರು ಶೇ 27. ಇಪ್ಪತ್ತೈದೇ ವರ್ಷದಲ್ಲಿ, 2021ಕ್ಕೆ, ಅದು ಶೇ 70 ಆಯಿತು. ಐರ್ಲೆಂಡಿನಲ್ಲಿ 1993ರವರೆಗೆ ಗಂಡಸರ ನಡುವಿನ ಸಂಬಂಧ ಅಪರಾಧವಾಗಿತ್ತು. 2015ರಲ್ಲಿ ಅಲ್ಲಿ ವೋಟು ಹಾಕಿದವರಲ್ಲಿ ಶೇ 62 ಜನ ಸಲಿಂಗ ಮದುವೆಗೆ ಹೌದು ಅಂದರು. ವಾದ ಕೇಳಿ ಬದಲಾದವರು ಕಡಿಮೆ ಅಂತ ನನಗನ್ನಿಸುತ್ತದೆ. ತಮ್ಮ ಅಣ್ಣನೋ, ಮಗಳೋ, ಆಫೀಸಿನ ಪಕ್ಕದ ಸೀಟಿನವರೋ ‘ನಾನೂ ಅಂಥವಳೇ’ ಅಂದಾಗ ಬದಲಾದವರೇ ಜಾಸ್ತಿ. ನಾನು ಬದಲಾದದ್ದೂ ಹಾಗೆಯೇ.

ಬಹುಮತ ಬರುವವರೆಗೆ ಕಾಯಬೇಕು ಅನ್ನುವವರಿಗೆ ಒಂದು ಹಳೆಯ ಲೆಕ್ಕ ಕೊಡುತ್ತೇನೆ. ಕರಿಯರು ಬಿಳಿಯರ ನಡುವಿನ ಮದುವೆಗಿದ್ದ ತಡೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 1967ರಲ್ಲಿ. ಮರುವರ್ಷದ ಸಮೀಕ್ಷೆಯಲ್ಲಿ ಅಂಥ ಮದುವೆಗೆ ಒಪ್ಪಿದವರು ಶೇ 20 ಮಾತ್ರ. ಬಹುಮತ ಬಂದದ್ದು 1990ರ ದಶಕದಲ್ಲಿ. ಅಲ್ಲಿವರೆಗೆ ಆ ಜೋಡಿಗಳು ಕಾಯಬೇಕಿತ್ತಾ?

ಎಲ್ಲ ಕೋರ್ಟುಗಳೂ ಹಾಗೆ ಹೇಳಿಲ್ಲ, ಅದೂ ನಿಜ. ತೈವಾನಿನ ಕೋರ್ಟ್ 2017ರಲ್ಲಿ ಸಲಿಂಗ ಮದುವೆ ಹಕ್ಕು ಅಂತು. ಮರುವರ್ಷ ಜನ ವೋಟಿನಲ್ಲಿ ಬೇಡ ಅಂದರೂ 2019ರಲ್ಲಿ ಕಾನೂನು ಬಂತು. ಭಾರತದ ಸುಪ್ರೀಂ ಕೋರ್ಟ್ 2023ರಲ್ಲಿ ಮದುವೆ ಮೂಲಭೂತ ಹಕ್ಕಲ್ಲ, ಇದು ಶಾಸನ ಮಾಡುವವರ ಕೆಲಸ ಅಂತು.

ಧರ್ಮದವರಿಗೆ ನೋವಾಗೋದಿಲ್ವಾ ಅಂತಲೂ ಕೇಳಿದ್ದೀರಿ. ಅವರ ನಂಬಿಕೆಯನ್ನು ನಾನು ಗೌರವಿಸುತ್ತೇನೆ, ಯಾವ ಪೂಜಾರಿ ಪಾದ್ರಿಯನ್ನೂ ಬಲವಂತ ಮಾಡಬಾರದು. ಇಂಗ್ಲೆಂಡಿನ 2013ರ ಕಾನೂನಿನಲ್ಲಿ ಇದು ಸ್ಪಷ್ಟವಾಗಿದೆ. ಧಾರ್ಮಿಕ ಸಂಸ್ಥೆಗಳು ತಾವಾಗಿ ಒಪ್ಪಿದರೆ ಮಾತ್ರ ಸಲಿಂಗ ಮದುವೆ ಮಾಡಿಸಬಹುದು, ಇಲ್ಲದಿದ್ದರೆ ಇಲ್ಲ. ನೋಂದಣಿ ಕಚೇರಿಯವರು ಮಾತ್ರ ಹಾಗೆ ಆರಿಸುವಂತಿಲ್ಲ. ಅದು ಎಲ್ಲರ ತೆರಿಗೆಯಿಂದ ನಡೆಯುವ ಕಚೇರಿ, ನನ್ನ ಗೆಳೆಯನ ತೆರಿಗೆಯಿಂದಲೂ.