ಐದು ವರ್ಷದ ಮಗುವಿಗೆ ಅಡುಗೆಮನೆಯಲ್ಲೇನು ಕೆಲಸ?

ಹೊನ್ನಾಳಿಯ ಓದುಗರೊಬ್ಬರು ಬರೆದಿದ್ದಾರೆ: "ಮಾಯಾ ಜನರ ಪಿರಮಿಡ್ಡುಗಳ ಬಗ್ಗೆ ನಿಮ್ಮ ಲೇಖನ ಓದಿದೆ. ಆ ಜನ ಈಗಲೂ ಇದ್ದಾರಾ? ಅವರ ಹಳ್ಳಿಗಳಲ್ಲಿ ಐದಾರು ವರ್ಷದ ಮಕ್ಕಳೂ ಮನೆಗೆಲಸ ಮಾಡುತ್ತಾರಂತೆ, ಆಟಿಕೆಗಳೂ ಇಲ್ಲವಂತೆ. ಪಾಪ ಅನ್ನಿಸಿತು. ಇದು ಬಾಲಕಾರ್ಮಿಕ ಪದ್ಧತಿ ಅಲ್ವಾ?"

ಸಂಪಾದಕರ ಉತ್ತರ:

ಖಂಡಿತ ಇದ್ದಾರೆ. ಗ್ವಾಟೆಮಾಲಾ, ಬೆಲೀಜ್ ಮತ್ತು ಮೆಕ್ಸಿಕೋದ ದಕ್ಷಿಣ ಭಾಗದಲ್ಲಿ ಲಕ್ಷಗಟ್ಟಲೆ ಜನ ಇವತ್ತಿಗೂ ಮನೆಯಲ್ಲಿ ಮಾಯಾ ಭಾಷೆಗಳನ್ನೇ ಆಡುತ್ತಾರೆ. ಮೆಕ್ಸಿಕೋದ ಯುಕಟಾನ್ ಕಡೆಯ ಒಂದು ಭಾಷೆಗೇ ಏಳು ಲಕ್ಷಕ್ಕೂ ಜಾಸ್ತಿ ಜನ ಇದ್ದಾರೆ. ನೀವು ಹೊನ್ನಾಳಿಯವರಾದ್ದರಿಂದ ಇನ್ನೊಂದು ಮಾತು. ನಿಮ್ಮೂರ ಕಣಗಳಲ್ಲಿ ರಾಶಿ ಬೀಳುವ ಮೆಕ್ಕೆಜೋಳದ ತವರು ಮೆಕ್ಸಿಕೋ. ನಮ್ಮಲ್ಲಿ ಅದರಲ್ಲಿ ಬಹಳಷ್ಟು ಕೋಳಿ ಮೇವಿಗೆ ಹೋಗುತ್ತದೆ. ಅಲ್ಲಿ ಅದೇ ಅನ್ನ, ಅದೇ ದೇವರು.

ಯುಕಟಾನಿನ ಒಳಹಳ್ಳಿಯ ಹಳೇ ಮಾದರಿಯ ಮನೆ ಅಂದರೆ ಗಳುಗಳನ್ನು ಸಾಲಾಗಿ ನೆಟ್ಟ ಗೋಡೆ, ಮೇಲೆ ತಾಳೆಗರಿಯ ಸೂರು. ಮಲಗೋದು ಮಂಚದ ಮೇಲಲ್ಲ, ಜೋಲಿಯಲ್ಲಿ. ಎಳೆಗೂಸು ಅಮ್ಮನ ಜೋಲಿಯಲ್ಲೇ ಮಲಗುತ್ತದೆ. ಹಿತ್ತಲಲ್ಲಿ ಕೋಳಿ, ಟರ್ಕಿ ಕೋಳಿ, ಹಂದಿ, ಹಣ್ಣಿನ ಗಿಡ. ಹೊಲ ಊರಾಚೆ. ನಮ್ಮ ಮಲೆನಾಡಿನಲ್ಲಿ ಹಿಂದೆ ಇದ್ದ ಕುಮರಿ ಬೇಸಾಯದ ಹಾಗೆ, ಕಾಡು ಕಡಿದು, ಸುಟ್ಟು, ಮಳೆ ಬಿದ್ದ ಮೇಲೆ ಮೊನೆ ಕೋಲಿನಿಂದ ಗುಳಿ ಮಾಡಿ ಮೆಕ್ಕೆಜೋಳ, ಹುರುಳಿಕಾಯಿ ಜಾತಿಯ ಕಾಳು, ಕುಂಬಳ ಒಟ್ಟಿಗೇ ಹಾಕುತ್ತಾರೆ.

ಮಗುವಿನ ಮೊದಲ ಶಾಸ್ತ್ರವೂ ಈ ಮನೆ, ಹೊಲಕ್ಕೇ ಅಂಟಿಕೊಂಡಿದೆ. ಹೆಟ್ಸ್‌ಮೆಕ್ ಅಂತ ಅದರ ಹೆಸರು. ಮಗುವನ್ನು ಮೊದಲ ಸಲ ಸೊಂಟದ ಮೇಲೆ ಕಾಲು ಅಗಲಿಸಿ ಕೂರಿಸಿಕೊಳ್ಳುವ ದಿನ. ಹೆಣ್ಣುಮಗುವಿಗೆ ಮೂರನೇ ತಿಂಗಳು, ಏಕೆಂದರೆ ಒಲೆಗೆ ಮೂರು ಕಲ್ಲು. ಗಂಡುಮಗುವಿಗೆ ನಾಲ್ಕನೇ ತಿಂಗಳು, ಏಕೆಂದರೆ ಹೊಲಕ್ಕೆ ನಾಲ್ಕು ಮೂಲೆ. ಮುಂದೆ ಬೇಕಾಗುವ ಸಾಮಾನುಗಳನ್ನು ಮಗುವಿನ ಕೈಗೆ ಮುಟ್ಟಿಸುತ್ತಾರೆ. ಈಗೀಗ ಅದರಲ್ಲಿ ಪೆನ್ಸಿಲ್ಲು, ಪುಸ್ತಕಗಳೂ ಇರುತ್ತವೆ.

ಇನ್ನು ಕೆಲಸದ ಮಾತು. ಇದಕ್ಕೆ ಗ್ವಾಟೆಮಾಲಾದ ಸಾನ್ ಪೆದ್ರೋ ಎಂಬ ಮಾಯಾ ಊರಿನ ಅಡುಗೆಮನೆಗೆ ಹೋಗಬೇಕು. ಅಲ್ಲಿ ದಶಕಗಳಿಂದ ಮಕ್ಕಳನ್ನು ಗಮನಿಸುತ್ತಾ ಬಂದ ಅಮೆರಿಕದ ಮನಶ್ಶಾಸ್ತ್ರಜ್ಞೆ ಬಾರ್ಬರಾ ರೋಗಾಫ್ ಬರೆದಿದ್ದಾರೆ. ಸುಣ್ಣ ಹಾಕಿ ಬೇಯಿಸಿ, ರುಬ್ಬಿದ ಮೆಕ್ಕೆಜೋಳದ ಹಿಟ್ಟಿನಿಂದ ಅಮ್ಮ ಟೋರ್ಟಿಯಾ ಅನ್ನೋ ರೊಟ್ಟಿ ತಟ್ಟುತ್ತಿರುತ್ತಾಳೆ. ಇನ್ನೂ ಸರಿಯಾಗಿ ಮಾತು ಬಾರದ ಕೂಸು ಪಕ್ಕಕ್ಕೆ ಬಂದು ಕೈಚಾಚುತ್ತದೆ. ಅಮ್ಮ ಒಂದು ಚೂರು ಹಿಟ್ಟು ಕೊಡುತ್ತಾಳೆ. ತಾನೇ ಉಂಡೆ ಮಾಡಿ, ಸ್ವಲ್ಪ ಒತ್ತಿಯೂ ಕೊಡುತ್ತಾಳೆ. ಮಿಕ್ಕಿದ್ದು ಮಗುವಿನದು. ಆ ಸೊಟ್ಟ ರೊಟ್ಟಿ ಕಸಕ್ಕೆ ಹೋಗುವುದಿಲ್ಲ. ಎಲ್ಲರ ರೊಟ್ಟಿಯ ಜೊತೆ ಹೆಂಚಿನ ಮೇಲೆ ಬೇಯುತ್ತದೆ, ಮನೆಯವರು ತಿನ್ನುತ್ತಾರೆ. ಕೈ ಪಳಗಿದ ಹಾಗೆಲ್ಲ ಅಮ್ಮ ಹಿಟ್ಟು ಹಿಡಿಯುವ ಬಗೆ ತೋರಿಸುತ್ತಾಳೆ. ಐದು ವರ್ಷದ ಹೊತ್ತಿಗೆ ಮಗು ತಟ್ಟಿದ್ದು ರೊಟ್ಟಿಯಂತೆಯೇ ಕಾಣುತ್ತದೆ. ನಮ್ಮಲ್ಲಿ ಇದೇ ಮಗು ಒಲೆ ಹತ್ತಿರ ಬಂದರೆ "ಹೋಗು, ಟಿವಿ ನೋಡು" ಅಂತ ಓಡಿಸುವ ಮನೆಗಳೇ ಜಾಸ್ತಿ!

ಬಾಲಕಾರ್ಮಿಕ ಪದ್ಧತಿ ಅಂದರೆ ಮಗುವಿನ ಆರೋಗ್ಯಕ್ಕೆ, ಬೆಳವಣಿಗೆಗೆ, ಶಾಲೆಗೆ ಪೆಟ್ಟು ಕೊಡುವ ಕೆಲಸ; ಕೂಲಿ ಇಲ್ಲದಿದ್ದರೂ, ಮನೆಯವರದೇ ಕೆಲಸವಾದರೂ ಅದು ಆಗಬಹುದು. ಅಮ್ಮನ ಪಕ್ಕ ಕೂತು ರೊಟ್ಟಿ ತಟ್ಟುವುದು ಅಂಥದ್ದಲ್ಲ. ಯುಕಟಾನಿನ ಹಳ್ಳಿಯೊಂದರ ಕುಟುಂಬಗಳ ಬಗ್ಗೆ ಸುಝಾನ್ ಗ್ಯಾಸ್ಕಿನ್ಸ್ ಬಹಳ ವರ್ಷ ಅಧ್ಯಯನ ಮಾಡಿದ್ದಾರೆ. ಅಲ್ಲಿನ ಅಮ್ಮಂದಿರು ಮಗುವಿಗೆ ತನಗೇನು ಬೇಕು ಅಂತ ಗೊತ್ತಿದೆ ಅಂದುಕೊಳ್ಳುತ್ತಾರೆ. ಹಸಿದಾಗ ಉಣ್ಣುತ್ತದೆ, ನಿದ್ದೆ ಬಂದಾಗ ಮಲಗುತ್ತದೆ. ಬೆನ್ನಟ್ಟಿ ತುತ್ತು ತುರುಕುವವರಿಲ್ಲ.

ಆಟ? ಆಟವೂ ಇದೆ. ಅಂಗಡಿಯ ಆಟಿಕೆ ಕಡಿಮೆ ಅಷ್ಟೇ. ಅಕ್ಕ, ತಮ್ಮ, ಚಿಕ್ಕಪ್ಪನ ಮಕ್ಕಳು ಎಲ್ಲ ಸೇರಿ ದೊಡ್ಡವರ ಬದುಕನ್ನೇ ಆಡುತ್ತಾರೆ. ಅಮ್ಮ ಮಾತ್ರ ಆಟಕ್ಕೆ ಸೇರುವುದಿಲ್ಲ. ಅದು ಮಕ್ಕಳ ವಿಷಯ, ತನಗೆ ಬೇರೆ ಕೆಲಸವಿದೆ ಅನ್ನುವುದು ಅವಳ ಲೆಕ್ಕ. ನನಗಂತೂ ಇದು ತಪ್ಪು ಅನ್ನಿಸಲಿಲ್ಲ.

ಸುಮ್ನೆ ಪಕ್ಕದಲ್ಲಿದ್ದು ಕಲಿಯುವುದು ಎಷ್ಟು ಹತ್ತುತ್ತೆ ಅಂತ ಕೇಳಬಹುದು. 2009ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಒಂದು ಮಗುವಿಗೆ ಆಟಿಕೆ ಮಾಡುವುದನ್ನು ಹೇಳಿಕೊಟ್ಟರು. ಅದರ ಒಡಹುಟ್ಟಿದ ಮಗು ಪಕ್ಕದಲ್ಲಿ ಕೂತಿತ್ತು, ಅದಕ್ಕೆ ಯಾರೂ ಏನೂ ಹೇಳಲಿಲ್ಲ. ದಿನಗಳ ನಂತರ ಅದೇ ಆಟಿಕೆ ಮಾಡು ಅಂತ ಪಕ್ಕದಲ್ಲಿ ಕೂತಿದ್ದ ಮಗುವಿಗೆ ಕೊಟ್ಟಾಗ, ಹಳೆಯ ರೀತಿಯಲ್ಲಿ ಬೆಳೆದ ಗ್ವಾಟೆಮಾಲಾದ ಮಾಯಾ ಮಕ್ಕಳಿಗೆ ಅಮೆರಿಕದ ಮಕ್ಕಳಿಗಿಂತ ಕಡಿಮೆ ಸಹಾಯ ಸಾಕಾಯಿತು. ತಾಯಂದಿರು ಹೆಚ್ಚು ಶಾಲೆ ಓದಿದ್ದ ಮಾಯಾ ಮನೆಗಳ ಮಕ್ಕಳಲ್ಲಿ ಈ ಅಭ್ಯಾಸ ಕಡಿಮೆಯಾಗಿತ್ತು.

ಹಾಗಂತ ಅಲ್ಲಿ ಎಲ್ಲ ಚೆನ್ನಾಗಿದೆ ಅಂತಲ್ಲ. ಮಳೆ ಕೈಕೊಟ್ಟರೆ ಜೋಳ ಇಲ್ಲ. 1970ರ ದಶಕದಲ್ಲಿ ಯುಕಟಾನಿನ ಕಡಲತೀರದಲ್ಲಿ ಕಾನ್ಕುನ್ ಪ್ರವಾಸಿ ನಗರ ತಲೆಯೆತ್ತಿದ ಮೇಲೆ ಎಷ್ಟೋ ಅಪ್ಪಂದಿರು ಗಾರೆ ಕೆಲಸಕ್ಕೆ, ಹೋಟೆಲ್ ಕೆಲಸಕ್ಕೆ ಅಲ್ಲಿಗೆ ಹೋಗಿ, ಆಗಾಗ ಮಾತ್ರ ಊರಿಗೆ ಬರುತ್ತಾರೆ. ಶಾಲೆಗೆ ಹೋದರೆ ಅಲ್ಲಿ ಸ್ಪ್ಯಾನಿಷ್‌ದೇ ಮೇಲುಗೈ. ನಿಮಗೆ ಪಾಪ ಅನ್ನಿಸಬೇಕಾದರೆ ಇದಕ್ಕೆ ಅನ್ನಿಸಲಿ, ಆ ಸೊಟ್ಟ ರೊಟ್ಟಿಗೆ ಬೇಡ.