ಸೇವೆ ಅಂತ ಶುರು ಮಾಡಿದೆ, ಈಗ ನನಗೇ ಓದಿನ ಹುಚ್ಚು!

ಪ್ರಶ್ನೆ: ನನಗೆ 47 ವರ್ಷ. ಪಿಯುಸಿ ಪಾಸಾದ ಕೂಡಲೇ ಮದುವೆ ಆಯ್ತು. ನಮ್ಮ ಬೀದಿಯಲ್ಲಿ ಬಿ.ಎ. ಓದುವ ಹುಡುಗನೊಬ್ಬನಿಗೆ ಕಣ್ಣು ಕಾಣಿಸಲ್ಲ. ಅವನ ಅರ್ಥಶಾಸ್ತ್ರದ ನೋಟ್ಸ್ ಓದಿ, ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ. ಬೆಲೆ ಏರಿದರೆ ಜನ ಕೊಳ್ಳುವ ಪ್ರಮಾಣ ಇಳಿಯೋದನ್ನು ತೋರಿಸುವ ಬೇಡಿಕೆ ರೇಖೆ ಅರ್ಥವಾಗಲಿ ಅಂತ ರಟ್ಟಿನ ಮೇಲೆ ಹುರಿ ಅಂಟಿಸಿ ಮುಟ್ಟಿ ನೋಡಲು ಕೊಟ್ಟಿದ್ದೆ. ಈಗ ಅವನಿಗಿಂತ ನನಗೇ ಆ ವಿಷಯದ ಹುಚ್ಚು ಹಿಡಿದಿದೆ. ಜನ ‘ಎಂಥ ಸೇವೆ’ ಅಂದರೆ ಮುಜುಗರ ಆಗುತ್ತೆ. ಪರೀಕ್ಷೆಯಲ್ಲೂ ನೀವೇ ಬರೆದುಕೊಡಿ ಆಂಟಿ ಅಂತಿದ್ದಾನೆ. ನನಗೂ ಡಿಗ್ರಿ ಮಾಡುವ ಆಸೆ. ಯಜಮಾನರು ‘ಈ ವಯಸ್ಸಲ್ಲಿ ಓದಿ ಏನು ಕಡಿದು ಕಟ್ಟೆ ಹಾಕಬೇಕು’ ಅಂತಾರೆ. ನಾನು ಮಾಡ್ತಿರೋದು ಸೇವೆಯೋ, ಸ್ವಾರ್ಥವೋ?
– ಹೆಸರು ಬೇಡ, ಮಂಡ್ಯ

ಉತ್ತರ: ಎರಡೂ ಅಂತಲೇ ಇಟ್ಕೊಳ್ಳಿ, ಏನೀಗ? ಅವನಿಗೆ ಬೇಕಾಗಿರೋದು ಪಾಠ. ನೀವು ಮುಖ ಗಂಟು ಹಾಕಿಕೊಂಡು ಓದಿದರೆ ಅವನಿಗೇನು ಎರಡು ಮಾರ್ಕ್ಸ್ ಜಾಸ್ತಿ ಬೀಳುತ್ತಾ?

ಆ ರಟ್ಟಿನ ವಿಷಯ ಓದಿ ನನಗೆ ಬಹಳ ಖುಷಿಯಾಯ್ತು. ಪರೀಕ್ಷೆಗೆ ಉರು ಹೊಡೆಯುವವರು ಆ ಗೆರೆಯನ್ನು ನೋಡಿ ಹಾಗೇ ಇಳಿಸಿಬಿಡುತ್ತಾರೆ. ನಿಮಗೆ ಆ ಸೌಕರ್ಯ ಇರಲಿಲ್ಲ. ಬೆಲೆ ನಿಂತ ಗೆರೆಯಲ್ಲಿ, ಪ್ರಮಾಣ ಮಲಗಿದ ಗೆರೆಯಲ್ಲಿ, ಹುರಿ ಎಡಗಡೆ ಮೇಲಿಂದ ಬಲಗಡೆ ಕೆಳಕ್ಕೆ ಇಳೀಬೇಕು, ಅದೂ ಯಾಕೆ ಇಳೀಬೇಕು ಅನ್ನೋದು ಗೋಂದು ಹಚ್ಚುವ ಮೊದಲೇ ನಿಮಗೆ ಗೊತ್ತಿರಬೇಕಿತ್ತು. ಇನ್ನೊಬ್ಬರ ಬೆರಳಿಗೆ ತಿಳಿಯುವ ಹಾಗೆ ಮಾಡಲು ಹೋಗಿ ನಿಮಗೇ ಪಾಠ ಆಯ್ತು. ಅದು ಅವನ ಪಾಲಿನಿಂದ ಕದ್ದಿದ್ದಲ್ಲ.

ಒಂದು ಕಡೆ ಮಾತ್ರ ಹುಷಾರಾಗಿರಿ. ನಿಮ್ಮ ಖುಷಿ ಅವನ ಟೈಮ್ ತಿನ್ನಬಾರದು. ಪೂರೈಕೆ ಪಾಠ ಓದ್ತಾ ಓದ್ತಾ ನಿಮಗೆ ಆಲೆಮನೆ ನೆನಪಾಗುತ್ತೆ, ಎಲ್ಲರ ಬೆಲ್ಲವೂ ಒಂದೇ ಸಲ ಮಾರ್ಕೆಟ್ಟಿಗೆ ಬಂದರೆ ರೇಟು ಬೀಳುತ್ತಲ್ವಾ ಅಂತ ಹತ್ತು ನಿಮಿಷ ಮಾತಾಡಿಬಿಡುತ್ತೀರಿ, ಪಾಪ ಆ ಹುಡುಗ ನಾಳೆ ಟೆಸ್ಟ್ ಇಟ್ಟುಕೊಂಡು ಅದಷ್ಟನ್ನೂ ಕೇಳಿಸಿಕೊಳ್ಳಬೇಕು. ಕಣ್ಣಿದ್ದವರು ಪುಟ ಹಾರಿಸಿದಷ್ಟು ಸುಲಭವಾಗಿ ಆಡಿಯೊ ಹಾರಿಸೋಕಾಗಲ್ಲ. ಅದಕ್ಕೆ ನೋಟ್ಸಿನಲ್ಲಿ ಇರೋದನ್ನು ಒಂದು ರೆಕಾರ್ಡಿಂಗ್ ಮಾಡಿ, ನಿಮ್ಮ ಮಾತನ್ನು ಬೇರೆ ಕಳಿಸಿ. ಪುಟದ ನಂಬರ್ ಮೊದಲೇ ಹೇಳಿ. ಟೇಬಲ್ ಬಂದರೆ ಮೊದಲು ತಲೆಬರಹಗಳನ್ನು ಓದಿ, ಆಮೇಲೆ ಅಂಕಿ. ಹೇಗಿದ್ದರೆ ಅನುಕೂಲ ಅಂತ ಅವನನ್ನೇ ಕೇಳಿಬಿಡಿ.

ಇನ್ನು ಪರೀಕ್ಷೆ. ನಿಜವಾದ ಕಷ್ಟ ಇರೋದು ಇಲ್ಲೇ. ಅವನು ತಪ್ಪು ಉತ್ತರ ಹೇಳ್ತಾನೆ, ನಿಮಗೆ ಸರಿ ಉತ್ತರ ಗೊತ್ತು, ಕೈ ತುರಿಸುತ್ತೆ. ಬರೆಯಬೇಡಿ. ‘ಇನ್ನೊಂದ್ಸಲ ಯೋಚನೆ ಮಾಡೋ’ ಅಂತಲೂ ಅನ್ನಬೇಡಿ. ಅವನು ಹೇಳಿದ್ದು ಹೇಳಿದ ಹಾಗೇ ಹಾಳೆ ಮೇಲೆ ಬರಬೇಕು. ಅಷ್ಟು ಹೊತ್ತು ಸುಮ್ನೆ ಇರೋಕಾಗಲ್ಲ ಅನ್ನಿಸಿದರೆ ಅರ್ಥಶಾಸ್ತ್ರದ ಪೇಪರ್ ಬಿಟ್ಟು, ನಿಮಗೆ ಗಂಧಗಾಳಿ ಇಲ್ಲದ ವಿಷಯಕ್ಕೆ ಬರೆದುಕೊಡಿ. ತಮಾಷೆಗೆ ಹೇಳ್ತಿಲ್ಲ. ಸ್ವಂತವಾಗಿ ಕರೆತರುವ ಸ್ಕ್ರೈಬ್‌ನ, ಅಂದರೆ ಉತ್ತರ ಬರೆದುಕೊಡುವವರ, ಓದು ಅಭ್ಯರ್ಥಿಗಿಂತ ಒಂದು ಹಂತ ಕಡಿಮೆ ಇರಬೇಕು ಅಂತ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿತ್ತು, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು ಅಂತಲೂ ಇತ್ತು. ಆ ಲೆಕ್ಕದಲ್ಲಿ ಪಿಯುಸಿ ಆದ ನೀವು ಸರಿಹೋಗುತ್ತೀರಿ. ಆದರೆ ನಿಯಮ ಬದಲಾಗ್ತಾ ಇರುತ್ತೆ, ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಈಗಲೇ ವಿಚಾರಿಸಿಕೊಳ್ಳಿ, ಕೊನೇ ವಾರದಲ್ಲಿ ಓಡಾಡೋದು ಬೇಡ.

ಡಿಗ್ರಿಗೆ ಖಂಡಿತ ಸೇರಿ. ಮೈಸೂರಿನ ಮುಕ್ತಗಂಗೋತ್ರಿಯಲ್ಲಿರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಲ್ಲಿ ಶುರುವಾಗಿದ್ದೇ ನಿಮ್ಮಂಥವರಿಗಾಗಿ. ಪಿಯುಸಿ ಅಂಕಪಟ್ಟಿ ಹುಡುಕಿಟ್ಟುಕೊಳ್ಳಿ, ಅದು ಯಾವ ಟ್ರಂಕಿನ ತಳದಲ್ಲಿದೆಯೋ! ಅರ್ಥಶಾಸ್ತ್ರವನ್ನೇ ತಗೊಳ್ಳಿ. ಅವನಿಗೆ ಓದಿದ್ದು ನಿಮಗೂ ಆಗುತ್ತೆ.

ಯಜಮಾನರ ಜೊತೆ ವಾದ ಬೇಡ. ಪರೀಕ್ಷೆ ದಿನ ಅಡುಗೆ ಯಾರು ಮಾಡೋದು ಅನ್ನೋದನ್ನು ಮಾತ್ರ ಕೂತು ಮಾತಾಡಿ, ಅವರ ಆಕ್ಷೇಪದ ಮುಕ್ಕಾಲು ಪಾಲು ಅದೇ ಇರಬಹುದು.