ಕ್ಲಿಫ್ ಕೆಳಗೆ ಬುತ್ತಿ ಬಿಚ್ಚಬೇಡಿ: ಡಾರ್ಸೆಟ್ ಬೇಸಿಗೆ ಪ್ರವಾಸದ ಪ್ರಶ್ನೆಗಳಿಗೆ ಉತ್ತರ

ಜೂನ್ ಬಂತೆಂದರೆ ನನಗೆ ಒಂದೇ ಬಗೆಯ ಪ್ರಶ್ನೆಗಳ ಸುರಿಮಳೆ. ರೆಡಿಂಗ್, ಸ್ಲೌ, ಹ್ಯಾರೋ, ಸ್ವಿಂಡನ್ ಕಡೆಯ ಕನ್ನಡದ ಮನೆಗಳವು. ಊರಿಂದ ಅಪ್ಪ ಅಮ್ಮನೋ ಅತ್ತೆ ಮಾವನೋ ಬಂದಿರುತ್ತಾರೆ, ಮಕ್ಕಳಿಗೆ ರಜೆ ಹತ್ತಿರವಾಗಿರುತ್ತದೆ, ಎಲ್ಲರನ್ನೂ ಒಂದು ದಿನ ಸಮುದ್ರಕ್ಕೆ ಕರೆದುಕೊಂಡು ಹೋಗಬೇಕಾಗಿರುತ್ತದೆ. ನಾನು ಭೂವಿಜ್ಞಾನ ಓದಿದವಳು. ಇಂಗ್ಲೆಂಡಿನ ದಕ್ಷಿಣ ತೀರದ ಡಾರ್ಸೆಟ್ ಕೌಂಟಿಯಲ್ಲಿ ಮಕ್ಕಳಿಗೂ ದೊಡ್ಡವರಿಗೂ ಪಳೆಯುಳಿಕೆ ತೋರಿಸುತ್ತಾ ಬೀಚ್ ಸುತ್ತುವುದು ನನ್ನ ಕೆಲಸ. ಯಾವ ಹೋಟೆಲಿನಲ್ಲಿ ರೂಮು ಅಗ್ಗ, ಯಾವ ಸನ್‌ಸ್ಕ್ರೀನ್ ಒಳ್ಳೆಯದು ಎಂಬುದನ್ನು ನನ್ನ ಹತ್ತಿರ ಕೇಳಬೇಡಿ. ಪದೇ ಪದೇ ಬರುವ ಬೇರೆ ಪ್ರಶ್ನೆಗಳಿಗೆ ಒಮ್ಮೆ ಇಲ್ಲೇ ಉತ್ತರಿಸಿಬಿಡುತ್ತೇನೆ.

ಶನಿವಾರ ಬೆಳಿಗ್ಗೆ ರೆಡಿಂಗ್‌ನಿಂದ ಹೊರಟು ಸ್ಟೋನ್‌ಹೆಂಜ್, ಡರ್ಡಲ್ ಡೋರ್, ಲೈಮ್ ರೀಜಿಸ್, ಬೋರ್ನ್‌ಮತ್ ಎಲ್ಲಾ ಕವರ್ ಮಾಡಿ ರಾತ್ರಿ ವಾಪಸ್ ಬರಬಹುದಾ ಮೇಡಂ?

ಕಾರಿನಿಂದ ಇಳಿಯುವುದಿಲ್ಲ ಅಂದರೆ ಬರಬಹುದು.

ಎಂಟು ಮತ್ತು ಐದು ವರ್ಷದ ಮಕ್ಕಳಿದ್ದಾರೆ. ಚಾರ್ಮತ್‌ನಲ್ಲಿ ಫಾಸಿಲ್ ಹುಡುಕಬೇಕು ಅಂತ ಹಟ ಹಿಡಿದಿದ್ದಾರೆ. ಸುತ್ತಿಗೆ ಆರ್ಡರ್ ಮಾಡಿದ್ದೇವೆ. ಕ್ಲಿಫ್ (ಸಮುದ್ರದಂಚಿನ ಕಡಿದಾದ ಗುಡ್ಡ) ಹತ್ತಿರ ಹೋದರೆ ಚೆನ್ನಾಗಿ ಸಿಗುತ್ತದೆ ಅಂತ ರೀಲ್ಸ್‌ನಲ್ಲಿ ನೋಡಿದೆವು. ಎಷ್ಟು ಗಂಟೆಗೆ ಹೋಗಬೇಕು? ಅಮೊನೈಟ್ (ಸುರುಳಿ ಚಿಪ್ಪಿನ ಫಾಸಿಲ್) ಸಿಕ್ಕಿದರೆ ಅದು ಶಾಲಿಗ್ರಾಮವೇ, ದೇವರ ಮನೆಯಲ್ಲಿ ಇಡೋಣ ಅಂತಾರೆ ಅಮ್ಮ. ಇಡಬಹುದಾ?

ಸುತ್ತಿಗೆ ವಾಪಸ್ ಕಳಿಸಿ. ಐದು ವರ್ಷದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಸುಣ್ಣಕಲ್ಲು ಒಡೆದರೆ ಚೂರು ಎತ್ತ ಹಾರುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಅದಿರಲಿ, ಚಾರ್ಮತ್‌ನಲ್ಲಿ ನಿಮ್ಮಂಥವರಿಗೆ ಸುತ್ತಿಗೆಯ ಅಗತ್ಯವೇ ಇಲ್ಲ. ಮಳೆ ಗುಡ್ಡವನ್ನು ಕೆಡವುತ್ತದೆ, ಅಲೆ ಬಂದು ಮಣ್ಣನ್ನು ತೊಳೆದುಕೊಂಡು ಹೋಗುತ್ತದೆ, ಗಟ್ಟಿಯಾದದ್ದು ತೀರದಲ್ಲಿ ಉಳಿಯುತ್ತದೆ. ನಿಮಗೆ ಬಾಕಿ ಇರುವ ಕೆಲಸ ಬಗ್ಗಿ ನೋಡುವುದು. ತೀರದಲ್ಲಿ ಸಡಿಲವಾಗಿ ಬಿದ್ದದ್ದನ್ನು ಆಯ್ದುಕೊಳ್ಳಬಹುದು. ಕ್ಲಿಫ್ ಅಗೆಯುವ ಹಾಗಿಲ್ಲ. ರೀಲ್ಸ್‌ನಲ್ಲಿ ಗುಡ್ಡಕ್ಕೇ ಸುತ್ತಿಗೆ ಇಟ್ಟು "ವಾವ್" ಎನ್ನುವ ಮಹಾನುಭಾವರನ್ನು ನಾನೂ ನೋಡಿದ್ದೇನೆ. ಅವರಿಗೆ ಬೇಕಾಗಿರುವುದು ನಿಮ್ಮ ಲೈಕು. ತಲೆ ನಿಮ್ಮ ಮಕ್ಕಳದ್ದು.

ಕ್ಲಿಫ್ ವಿಷಯಕ್ಕೆ ಬರೋಣ, ಏಕೆಂದರೆ ನನಗೆ ಸಿಟ್ಟು ಬರುವುದು ಇಲ್ಲೇ. ಚಾರ್ಮತ್ ಮತ್ತು ಲೈಮ್ ರೀಜಿಸ್ ನಡುವೆ ಇರುವ ಬ್ಲ್ಯಾಕ್ ವೆನ್ ಎಂಬ ಗುಡ್ಡ ನೋಡಲು ಬಂಡೆಯಂತೆ ಕಂಡರೂ ಬಹುಪಾಲು ಕಪ್ಪು ಜೇಡಿಮಣ್ಣು. ಸದಾ ಜಾರುತ್ತಿರುತ್ತದೆ. ಮೇಲೆ ಒಣಗಿದ ಹಾಗೆ ಕಾಣುವ ಕೆಸರಿಗೆ ಕಾಲಿಟ್ಟರೆ ಮೊಣಕಾಲಿನವರೆಗೆ ಹೂತುಹೋಗುತ್ತದೆ, ಎಳೆದರೆ ಬೂಟು ಒಳಗೇ ಉಳಿಯುತ್ತದೆ. ಹೀಗೆ ಸಿಕ್ಕಿಬಿದ್ದವರನ್ನು ಕೋಸ್ಟ್‌ಗಾರ್ಡ್‌ನವರು ಬಂದು ಎಳೆದು ತೆಗೆಯಬೇಕಾಗುತ್ತದೆ. ಅಲ್ಲಿಂದ ಪೂರ್ವಕ್ಕಿರುವ ವೆಸ್ಟ್ ಬೇಯಲ್ಲಿ ಇನ್ನೊಂದು ಥರ. ಅಲ್ಲಿ ಜೇನುಬಣ್ಣದ ಮರಳುಗಲ್ಲು ನೆಟ್ಟಗೆ ಗೋಡೆಯ ಹಾಗೆ ನಿಂತಿದೆ, ಬೇಸಿಗೆಯ ಮಧ್ಯಾಹ್ನ ಅದರ ಬುಡದಲ್ಲಿ ಒಂದಿಷ್ಟು ನೆರಳು. ಆ ನೆರಳಿನಲ್ಲೇ ನಮ್ಮವರು ಚಾಪೆ ಹಾಸಿ, ಚಿತ್ರಾನ್ನದ ಡಬ್ಬಿ ಬಿಚ್ಚಿ, ಬೆನ್ನನ್ನು ಕಲ್ಲಿಗೆ ಕೊಟ್ಟು ಕೂತಿರುತ್ತಾರೆ. ಬೆನ್ನ ಹಿಂದೆ ಹೊಸದಾಗಿ ಉದುರಿದ ಮರಳಿನ ಗುಪ್ಪೆ, ಪಕ್ಕದಲ್ಲಿ "ಬಂಡೆ ಬೀಳುತ್ತದೆ" ಎಂಬ ಫಲಕ. ಹೇಳಲು ಹೋದರೆ "ಮಳೆ ಇಲ್ವಲ್ಲ ಮೇಡಂ" ಅನ್ನುತ್ತಾರೆ. ಮಳೆಗೆ ಮಾತ್ರ ಬೀಳುತ್ತದೆ ಎನ್ನುವುದು ಶುದ್ಧ ಸುಳ್ಳು. ಒಣ ಬಿಸಿಲಿನಲ್ಲೂ ಬೀಳುತ್ತದೆ, ಮುನ್ಸೂಚನೆ ಕೊಟ್ಟು ಬೀಳುವುದಿಲ್ಲ. ಪಕ್ಕದ ಬರ್ಟನ್ ಬ್ರಾಡ್‌ಸ್ಟಾಕ್‌ನಲ್ಲಿ 2012ರ ಜುಲೈನಲ್ಲಿ ಪ್ರವಾಸಕ್ಕೆ ಬಂದಿದ್ದ ಹುಡುಗಿಯೊಬ್ಬಳು ಕ್ಲಿಫ್ ಕುಸಿದು ಸತ್ತಳು. ಲೈಮ್ ರೀಜಿಸ್‌ನ ಫಾಸಿಲ್‌ಗಳನ್ನು ಜಗತ್ತಿಗೆ ತೋರಿಸಿಕೊಟ್ಟ ಮೇರಿ ಆ್ಯನಿಂಗ್, ಕ್ಲಿಫ್ ಜೊತೆಯಲ್ಲೇ ಬೆಳೆದವಳು, ಅದರ ಪ್ರತಿ ಪದರ ಬಲ್ಲವಳು. ಅವಳ ನಾಯಿ ಟ್ರೇ 1833ರಲ್ಲಿ ಅವಳ ಕಾಲಬುಡದಲ್ಲೇ ಗುಡ್ಡ ಕುಸಿದು ಸತ್ತಿತು. ಅವಳು ಕೂದಲೆಳೆಯಲ್ಲಿ ಪಾರಾದಳು. ಲೈಮ್ ರೀಜಿಸ್‌ನಲ್ಲಿ 2022ರಲ್ಲಿ ನಿಲ್ಲಿಸಿದ ಅವಳ ಪ್ರತಿಮೆಯ ಜೊತೆಯಲ್ಲಿ ಆ ನಾಯಿಯೂ ಇದೆ. ಮಕ್ಕಳಿಗೆ ಅದನ್ನು ತೋರಿಸಿ ಈ ಕಥೆ ಹೇಳಿ. ನೀವು ಗದರುವುದಕ್ಕಿಂತ ಚೆನ್ನಾಗಿ ನಾಟುತ್ತದೆ.

ಹಾಗಾದರೆ ಹುಡುಕುವುದೆಲ್ಲಿ? ನೀರಿನ ಅಂಚಿನ ಕಡೆ, ಉರುಟುಕಲ್ಲು ಮತ್ತು ಮರಳು ಬೆರೆತ ಜಾಗದಲ್ಲಿ. ಚಾರ್ಮತ್‌ನ ಚಿಕ್ಕ ಅಮೊನೈಟ್‌ಗಳು ಎಷ್ಟೋ ಸಲ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜದವು, ಹಿತ್ತಾಳೆಯ ಹಾಗೆ ಹೊಳೆಯುತ್ತವೆ. ಉಗುರಿನಷ್ಟಿರಬಹುದು, ಒಂದು ಪೆನ್ನಿಯಷ್ಟಿರಬಹುದು. ಪೈರೈಟ್ ಮಾಮೂಲಿ ಕಲ್ಲಿಗಿಂತ ಹೆಚ್ಚುಕಡಿಮೆ ಎರಡರಷ್ಟು ಭಾರ. ಮೊರದಲ್ಲಿ ಕೇರಿದಾಗ ಕಲ್ಲು ಒಂದು ಕಡೆ ನಿಲ್ಲುತ್ತದಲ್ಲ, ಹಾಗೆ ಅಲೆ ಈ ಭಾರದ ಚೂರುಗಳನ್ನೆಲ್ಲ ಒಂದೊಂದು ಕಡೆ ಕೂಡಿಹಾಕುತ್ತದೆ. ಮರಳಿನಲ್ಲಿ ಕಪ್ಪು, ಹೊಳಪು ಪುಡಿಯ ಪಟ್ಟಿ ಕಂಡರೆ ಅಲ್ಲಿ ಮಂಡಿಯೂರಿ ಕೂತು ಹತ್ತು ನಿಮಿಷ ಅಲ್ಲೇ ನೋಡಿ. ನಡೆಯುತ್ತಾ ಹುಡುಕುವವರಿಗೆ ಏನೂ ಸಿಗುವುದಿಲ್ಲ. ಐದು ವರ್ಷದ ಮಗುವಿನ ಕಣ್ಣು ನೆಲಕ್ಕೆ ಹತ್ತಿರವಿರುವುದರಿಂದ ಮೊದಲು ಸಿಗುವುದು ಸಾಮಾನ್ಯವಾಗಿ ಅದಕ್ಕೇ. ಬಂದೂಕಿನ ಗುಂಡಿನಂತೆ ಚೂಪಾದ ಕಂದು ಕಲ್ಲು ಸಿಕ್ಕಿದರೆ ಬೆಲೆಮ್ನೈಟ್; ಸ್ಕ್ವಿಡ್ ಎಂಬ ಸಮುದ್ರಜೀವಿಯ ದೂರದ ನೆಂಟನೊಂದರ ಒಳಭಾಗ. ಲೈಮ್ ಕಡೆಗೆ ನಡೆದರೆ ತುಕ್ಕು ಹಿಡಿದ ಕಬ್ಬಿಣ, ಒಡೆದ ಗಾಜು ಕಾಣುತ್ತದೆ. ಊರಿನ ಹಳೆಯ ಕಸದ ಗುಡ್ಡೆ 2008ರ ಕುಸಿತದಲ್ಲಿ ಬಯಲಾಗಿ ಸಮುದ್ರಕ್ಕೆ ಇಳಿಯುತ್ತಿದೆ. ಮಕ್ಕಳಿಗೆ ಚಪ್ಪಲಿ ಸಾಲದು, ಶೂ ಹಾಕಿಸಿ. ಸಿಕ್ಕಿದ್ದನ್ನೆಲ್ಲ ತಂದು ಬೀಚಿನ ಪಕ್ಕದ ಚಾರ್ಮತ್ ಹೆರಿಟೇಜ್ ಕೋಸ್ಟ್ ಸೆಂಟರ್‌ನಲ್ಲಿ ತೋರಿಸಿ. ಒಳಗೆ ಹೋಗಲು ದುಡ್ಡಿಲ್ಲ, ಏನೆಂದು ಹೇಳುತ್ತಾರೆ, ಅಪರೂಪದ್ದಾದರೆ ದಾಖಲಿಸಿಕೊಳ್ಳುತ್ತಾರೆ. ಮಾರ್ಗದರ್ಶಕರ ಜೊತೆ ನಡೆಯುವ ವ್ಯವಸ್ಥೆಯೂ ಅವರಲ್ಲಿದೆ. ಮೊದಲ ಸಲ ಬರುವವರು ಅದನ್ನೇ ಬುಕ್ ಮಾಡಿ.

ಗಂಟೆ ನೀವು ತೀರ್ಮಾನಿಸುವುದಲ್ಲ, ಸಮುದ್ರ ತೀರ್ಮಾನಿಸುವುದು. ಉಬ್ಬರದ ಹೊತ್ತಿನಲ್ಲಿ ನೀರು ಕ್ಲಿಫ್ ಬುಡಕ್ಕೇ ಬಂದು ಬಡಿಯುತ್ತದೆ. ಮುಂದೆ ಸಮುದ್ರ, ಹಿಂದೆ ಕೆಸರು, ನಡುವೆ ನೀವು. ಆದ್ದರಿಂದ ನೀರು ಇಳಿಯುತ್ತಿರುವಾಗ ಹೋಗಿ, ಪೂರ್ತಿ ಇಳಿತದ ಹೊತ್ತಿಗೆ ಮುಖ ತಿರುಗಿಸಿ ವಾಪಸ್ ಹೊರಡಿ. ಇಳಿತಕ್ಕೆ ಎರಡು ಗಂಟೆ ಮುಂಚೆ ಬೀಚಿಗೆ ಇಳಿದರೆ ಹುಡುಕಲು ಬೇಕಾದಷ್ಟು ಹೊತ್ತಿರುತ್ತದೆ. "ಇನ್ನೊಂದು ಹತ್ತು ನಿಮಿಷ" ಎನ್ನುವ ಅಪ್ಪಂದಿರೇ ಹೆಚ್ಚು ಅಪಾಯ, ಮಕ್ಕಳಲ್ಲ. ಇನ್ನೊಂದು ಮಾತು, ಇದನ್ನು ಗಮನಿಸದೆ ಎಡವಿದವರು ಬಹಳ: ಅನೇಕ ಟೈಡ್ ಟೇಬಲ್‌ಗಳಲ್ಲಿ (ಉಬ್ಬರ ಇಳಿತದ ವೇಳಾಪಟ್ಟಿಗಳಲ್ಲಿ) ಹೊತ್ತನ್ನು ಗ್ರೀನಿಚ್ ಸಮಯದಲ್ಲಿ ಕೊಟ್ಟಿರುತ್ತಾರೆ. ಬೇಸಿಗೆಯಲ್ಲಿ ಅದಕ್ಕೆ ಒಂದು ಗಂಟೆ ಸೇರಿಸಬೇಕು. ಟೇಬಲ್ಲಿನ ಮೂಲೆಯಲ್ಲಿ ಯಾವ ಸಮಯವೆಂದು ಬರೆದಿರುತ್ತದೆ, ಓದಿ.

ಅಮ್ಮನ ಬಳಿ ಪಂಚಾಂಗ ಇದ್ದೇ ಇರುತ್ತದೆ, ಈ ಕೆಲಸಕ್ಕೂ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ಉಬ್ಬರ ಅತಿ ಹೆಚ್ಚು, ಇಳಿತವೂ ಅತಿ ಹೆಚ್ಚು. ಲೈಮ್ ತೀರದಲ್ಲಿ ಆ ದಿನಗಳ ಹಗಲಿನ ಇಳಿತ ಬರುವುದು ಮಧ್ಯಾಹ್ನದ ಆಸುಪಾಸು, ಅಂದರೆ ಮಕ್ಕಳಿರುವ ಮನೆಗೆ ಹೇಳಿ ಮಾಡಿಸಿದ ಹೊತ್ತು, ಬೀಚೂ ಅಗಲವಾಗಿ ತೆರೆದುಕೊಂಡಿರುತ್ತದೆ. ಆದರೆ ನೀರು ಇಳಿದಷ್ಟೇ ಜೋರಾಗಿ ಏರುತ್ತದೆ. ಅಷ್ಟಮಿ ನವಮಿ ಆಸುಪಾಸಿನಲ್ಲಿ ಏರಿಳಿತ ಕಡಿಮೆ, ಹುಡುಕುವ ಜಾಗವೂ ಕಡಿಮೆ. ಪಂಚಾಂಗ ನೋಡಿ ದಿನ ಆರಿಸಿ, ಟೈಡ್ ಟೇಬಲ್ ನೋಡಿ ಗಂಟೆ ಆರಿಸಿ.

ಈಗ ಶಾಲಿಗ್ರಾಮ. ಅಮ್ಮ ಹೇಳಿದ್ದರಲ್ಲಿ ಅರ್ಧ ಸರಿ. ನೇಪಾಳದ ಗಂಡಕಿ ನದಿಯಲ್ಲಿ ಸಿಗುವ ಚಕ್ರವಿರುವ ಶಾಲಿಗ್ರಾಮಗಳೂ ಅಮೊನೈಟ್‌ಗಳೇ, ಹಿಮಾಲಯ ಏಳುವ ಮೊದಲು ಅಲ್ಲಿದ್ದ ಸಮುದ್ರದ ಜೀವಿಗಳು. ಚಾರ್ಮತ್‌ನವು ಅವಕ್ಕಿಂತ ಹಳೆಯವು, ಸುಮಾರು 19ರಿಂದ 20 ಕೋಟಿ ವರ್ಷದವು. ಶಾಸ್ತ್ರ ನನ್ನ ವಿಷಯವಲ್ಲ, ಗಂಡಕಿಯದ್ದಲ್ಲದ ಕಲ್ಲಿಗೆ ಪೂಜೆ ಸಲ್ಲುತ್ತದೆಯೋ ಇಲ್ಲವೋ ನಿಮ್ಮ ಮನೆಯ ಪುರೋಹಿತರನ್ನು ಕೇಳಿ. ರಸಾಯನಶಾಸ್ತ್ರ ಮಾತ್ರ ನನಗೆ ಗೊತ್ತು: ಪೈರೈಟ್ ಅಮೊನೈಟ್‌ಗೆ ದಿನಾ ಅಭಿಷೇಕ ಮಾಡಿದರೆ ಅದು ಉಳಿಯುವುದಿಲ್ಲ. ತೇವ ಮತ್ತು ಗಾಳಿ ಸೇರಿದರೆ ಪೈರೈಟ್ ಆಕ್ಸಿಡೀಕರಣಗೊಂಡು ಗಂಧಕಾಮ್ಲ ಹುಟ್ಟುತ್ತದೆ, ಮೇಲೆ ಬಿಳಿಯ ಬೂಷ್ಟಿನಂಥ ಪುಡಿ ಬರುತ್ತದೆ, ಕೊನೆಗೆ ಚಕ್ರ ಬಿರಿದು ಪುಡಿಯಾಗುತ್ತದೆ. ಬೆಂಗಳೂರಿಗೆ ತೆಗೆದುಕೊಂಡು ಹೋದರೆ ಮಳೆಗಾಲದಲ್ಲೇ ಶುರು. ಮನೆಗೆ ತಂದ ಕೂಡಲೇ ಸಿಹಿನೀರಿನಲ್ಲಿ ಉಪ್ಪು ತೊಳೆದು, ಚೆನ್ನಾಗಿ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳವಿರುವ ಡಬ್ಬಿಯಲ್ಲಿಡಿ. ಹೊಸ ಶೂ ಡಬ್ಬಿಯಲ್ಲಿ ಬರುವ ಪೊಟ್ಟಣವೇ ಸಾಕು. ಸುಣ್ಣಕಲ್ಲಿನ ಅಮೊನೈಟ್ ಆದರೆ ಇಷ್ಟು ತಾಪತ್ರಯವಿಲ್ಲ. ಇನ್ನು "ಅಮೊನೈಟ್ ಮನೆಯಲ್ಲಿಟ್ಟರೆ ವಾಸ್ತು ದೋಷ ಹೋಗುತ್ತದೆ, ಬಿ.ಪಿ. ಇಳಿಯುತ್ತದೆ" ಎಂದು ಪಾಲಿಶ್ ಮಾಡಿದ ಕಲ್ಲು ಮಾರುವವರಿಗೆ ನಿಮ್ಮ ಒಂದು ಪೌಂಡೂ ಕೊಡಬೇಡಿ.

ಅತ್ತೆಗೆ ಮೊಣಕಾಲು ನೋವು. ಡರ್ಡಲ್ ಡೋರ್ ನೋಡಲೇಬೇಕು ಅಂತಾರೆ. ಕಷ್ಟವಾಗುತ್ತಾ?

ಆಗುತ್ತದೆ. ಸಮುದ್ರದಲ್ಲಿರುವ ಆ ಕಲ್ಲಿನ ಕಮಾನಿನ ಬಳಿ ಹೋಗಲು ಪಾರ್ಕಿಂಗ್‌ನಿಂದ ಕಡಿದಾದ ಇಳಿಜಾರು, ಆಮೇಲೆ ಮೆಟ್ಟಿಲು, ಇಳಿದದ್ದನ್ನೆಲ್ಲ ಹತ್ತಬೇಕು. ಅವರನ್ನು ಸ್ವಾನೇಜ್‌ಗೆ ಕರೆದುಕೊಂಡು ಹೋಗಿ ಉಗಿಬಂಡಿ ಹತ್ತಿಸಿ. ಕಾರ್ಫ್ ಕೋಟೆಯ ಪಾಳುಗೋಡೆ ಕಿಟಕಿಯಿಂದಲೇ ಕಾಣುತ್ತದೆ. ಇಲ್ಲವೇ ವೇಮತ್: ಸಮತಟ್ಟು ದಾರಿ, ಬೆಂಚುಗಳು, ಮರಳಿನ ಬೀಚು, ತುಂಬಾ ದೂರದವರೆಗೆ ಆಳವಿಲ್ಲದ ನೀರು. 1789ರಲ್ಲಿ ಮೂರನೇ ಜಾರ್ಜ್ ದೊರೆಯೇ ಆರೋಗ್ಯ ಸುಧಾರಿಸಿಕೊಳ್ಳಲು ಇಲ್ಲಿಗೆ ಬಂದು ಸಮುದ್ರಸ್ನಾನ ಮಾಡಿದ್ದ.

ಹದಿನೇಳು ವರ್ಷದ ಮಗ ಡರ್ಡಲ್ ಡೋರ್ ಕಮಾನಿನ ಮೇಲಿಂದ ನೀರಿಗೆ ಹಾರುತ್ತಾನಂತೆ. ಎಲ್ಲರೂ ಹಾರುತ್ತಾರಂತೆ?

2020ರ ಮೇ ತಿಂಗಳಲ್ಲಿ ಹಾರಿದವರಲ್ಲಿ ಮೂವರು ಗಂಭೀರವಾಗಿ ಗಾಯಗೊಂಡು ಬೀಚಿನ ಮೇಲೆ ಹೆಲಿಕಾಪ್ಟರ್ ಇಳಿಸಬೇಕಾಯಿತು. ಮಗನನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಜೆಲ್ಲಿಫಿಶ್ ಕುಟುಕಿದರೆ ಮೂತ್ರ ಹಾಕಬೇಕಂತೆ, ನಿಜವೇ? ನಮ್ಮ ಅಜ್ಜಿ ಅರಿಶಿನ ಅಂತಾರೆ.

ಎರಡೂ ಬೇಡ. ವಿನೆಗರ್ ಕೂಡ ಬೇಡ. ಸಮುದ್ರದ ನೀರಿನಿಂದಲೇ ತೊಳೆದು, ಅಂಟಿಕೊಂಡ ಎಳೆಗಳನ್ನು ಚಿಮುಟದಿಂದಲೋ ಬ್ಯಾಂಕ್ ಕಾರ್ಡಿನ ಅಂಚಿನಿಂದಲೋ ತೆಗೆದು, ತಡೆದುಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ ಕನಿಷ್ಠ ಅರ್ಧ ಗಂಟೆ ಇಡಿ. ಮರಳಿನಲ್ಲಿ ಹೂತುಕೊಂಡಿರುವ ವೀವರ್ ಮೀನಿನ ಮುಳ್ಳು ಕಾಲಿಗೆ ಚುಚ್ಚಿದರೂ ಮುಳ್ಳು ತೆಗೆದು ಇದೇ ಬಿಸಿನೀರು. ಮಂಜುಗಡ್ಡೆ ಇಡಬೇಡಿ. ಲೈಫ್‌ಗಾರ್ಡ್ ಇರುವ ಬೀಚಾದರೆ ನೇರ ಅವರ ಹತ್ತಿರ ಹೋಗಿ. ಉಸಿರಾಟಕ್ಕೆ ತೊಂದರೆಯಾದರೆ, ಮುಖ ಊದಿಕೊಂಡರೆ ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡಿ.

ಮಕ್ಕಳಿಗೆ ಗಾಳಿ ತುಂಬುವ ಫ್ಲೆಮಿಂಗೊ ದೋಣಿ ತೆಗೆದುಕೊಂಡಿದ್ದೇವೆ. ಸೈಜ್ ಸಾಕಾ?

ಮನೆಯ ಹಿತ್ತಲಿನ ಪೂಲ್‌ಗೆ ಸಾಕು. ಸಮುದ್ರಕ್ಕೆ ತರಬೇಡಿ. ನೆಲದಿಂದ ಸಮುದ್ರದ ಕಡೆಗೆ ಗಾಳಿ ಬೀಸುವಾಗ ದಡದಲ್ಲಿ ನೀರು ಶಾಂತವಾಗಿ ಕಾಣುತ್ತದೆ, ಫ್ಲೆಮಿಂಗೊ ಮಾತ್ರ ಮಗುವಿನ ಸಮೇತ ಫ್ರಾನ್ಸಿನ ದಾರಿ ಹಿಡಿಯುತ್ತದೆ. ಕಿತ್ತಳೆ ಬಣ್ಣದ ಗಾಳಿಚೀಲ ಹಾರಿಸಿದ್ದಾರೆ ಅಂದರೆ ಅರ್ಥ ಅದೇ. ತೇಲಿಹೋದರೆ ನೀವು ಹಿಂದೆ ಈಜಬೇಡಿ, 999ಕ್ಕೆ ಫೋನ್ ಮಾಡಿ ಕೋಸ್ಟ್‌ಗಾರ್ಡ್ ಕೇಳಿ.

ಗೋಕರ್ಣದಲ್ಲಿ ಈಜಿ ಬೆಳೆದವನು ನಾನು. ಇಲ್ಲಿ ಭಯ ಯಾಕೆ?

ಗೋಕರ್ಣದ ನೀರು ಬೆಚ್ಚಗಿರುತ್ತದೆ. ಇಲ್ಲಿ ಆಗಸ್ಟಿನಲ್ಲೂ 17, 18 ಡಿಗ್ರಿ ಇದ್ದರೆ ಹೆಚ್ಚು, ಮೇ ತಿಂಗಳಲ್ಲಿ ಇನ್ನೂ ತಣ್ಣಗೆ. ದಿಢೀರನೆ ಧುಮುಕಿದರೆ ಉಸಿರು ಕಟ್ಟುತ್ತದೆ, ಆ ಏದುಸಿರಿನಲ್ಲಿ ಒಂದು ಗುಟುಕು ನೀರು ಒಳಗೆ ಹೋದರೂ ಮುಗಿಯಿತು. ಈಜು ಬರುವುದು ಬಿಡುವುದು ಆಮೇಲಿನ ಮಾತು. ನಿಧಾನ ಇಳಿಯಿರಿ. ಲೈಫ್‌ಗಾರ್ಡ್‌ಗಳು ನೆಟ್ಟ ಕೆಂಪು ಹಳದಿ ಬಾವುಟಗಳ ನಡುವೆ ಇರಿ. ಗಾಬರಿಯಾದರೆ ಕೈಕಾಲು ಬಡಿಯದೆ ಬೆನ್ನ ಮೇಲೆ ತೇಲಿ, ಉಸಿರು ಹಿಡಿತಕ್ಕೆ ಬಂದ ಮೇಲೆ ಮುಂದಿನದು. ಚೆಸಿಲ್ ಬೀಚಿನಲ್ಲಿ ನೀರಿಗೆ ಇಳಿಯುವುದೇ ಬೇಡ: ಎರಡು ಹೆಜ್ಜೆಗೆ ಆಳ, ಕಾಲ ಕೆಳಗಿನ ಕಲ್ಲನ್ನೇ ಅಲೆ ಎಳೆದುಕೊಂಡು ಹೋಗುತ್ತದೆ. ಅಲ್ಲಿಯ ಉರುಟುಕಲ್ಲನ್ನು ಮನೆಗೆ ತರುವುದು ಕಾನೂನಿಗೂ ವಿರುದ್ಧ.

ಬಿಸಾಡುವ ಬಾರ್ಬೆಕ್ಯೂ ತರಬಹುದಾ?

2020ರಲ್ಲಿ ಹೊತ್ತಿ ಉರಿದ ಡಾರ್ಸೆಟ್‌ನ ವೇರ್ಹ್ಯಾಮ್ ಕಾಡಿನಲ್ಲಿ ಸಿಕ್ಕಿದ್ದೇ ಅವು. ಪುಳಿಯೋಗರೆ ಕಟ್ಟಿಕೊಂಡು ಬನ್ನಿ, ಸೀಗಲ್ ಬಂದು ಕಿತ್ತುಕೊಳ್ಳದ ಹಾಗೆ ಮುಚ್ಚಳ ಹಾಕಿಕೊಂಡು ತಿನ್ನಿ.

ಆಗಸ್ಟ್ ಶನಿವಾರ ಪಾರ್ಕಿಂಗ್ ಸಿಗುತ್ತಾ?

ಬೆಳಿಗ್ಗೆ ಬೇಗ ಬಂದರೆ ಸಿಗುತ್ತದೆ. ಹನ್ನೊಂದಕ್ಕೆ ಡರ್ಡಲ್ ಡೋರ್ ಪಕ್ಕದ ಲಲ್‌ವರ್ತ್‌ನ ಇಕ್ಕಟ್ಟು ರಸ್ತೆಯಲ್ಲಿ ಸಾಲು ನಿಂತು ನನಗೆ ಫೋನ್ ಮಾಡಿದರೆ ನಾನೇನೂ ಮಾಡಲಾರೆ. ವಾಟರ್‌ಲೂನಿಂದ ವೇಮತ್‌ಗೆ ನೇರ ರೈಲಿದೆ, ನಿಲ್ದಾಣದಿಂದ ಬೀಚಿಗೆ ಕೆಲವೇ ನಿಮಿಷದ ನಡಿಗೆ. ಅತ್ತೆಯವರೂ ಆರಾಮವಾಗಿ ಬರುತ್ತಾರೆ.